ಜೋಳದ ಬಿಯರಿಗೆ ಯಾವ ಊರು?

ಆ ಭಾನುವಾರ ವಿಶೇಷವೇನೂ ನಡೆಯಲಿಲ್ಲ.

ಬೇಸಿಗೆ. ಬೆಳಗ್ಗೆ ಮಾಳಿಗೆಯ ಮೇಲೆ ಸಂಡಿಗೆ ಹಾಕಿದ್ದೆ. ಸಂಜೆ ಅದನ್ನು ಬಳಿದು ತೆಗೆದು, ಕಾದ ಫರ್ಸಿಕಲ್ಲಿನ ನೆಲಕ್ಕೆ ಒಂದು ಕೊಡ ನೀರು ಹೊಯ್ದು, ಚಾಪೆ ಹಾಸಿದೆ. ನಮ್ಮ ಮನೆಯವರು ಫ್ರಿಜ್ಜಿನಿಂದ ಒಂದು ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮೇಲೆ ಬಂದರು. (ಟವೆಲ್ಲು ಬಿಸಿಲಿಗಲ್ಲ. ಕೆಳಗೆ ಪಡಸಾಲೆಯಲ್ಲಿ ಅತ್ತೆ ಕೂತಿದ್ದರು, ಅದಕ್ಕೆ.) ಎರಡು ಸ್ಟೀಲ್ ಲೋಟ, ಒಂದು ತಟ್ಟೆಯಲ್ಲಿ ಹುರಿದ ಶೇಂಗಾ.

ಬಾಟಲಿಯಲ್ಲಿ ಇದ್ದದ್ದು ಮಾವಿನಹಣ್ಣು ಹಾಕಿ ಮಾಡಿದ ಬಿಯರ್.

ಹೌದು, ಬಿಯರ್. ವಾರ ವಾರ ಈ ಜಾಗದಲ್ಲಿ ಉಪ್ಪಿನಕಾಯಿ, ಬಸ್ಸು, ಬೀಗರು ಅಂತ ಬರೆಯುವ, ಹಣೆಗೆ ವಿಭೂತಿ ಹಚ್ಚುವ ಮನೆಯ ಈ ಸೇಡಮ್ಮಿನ ಹೆಂಗಸು ಬಿಯರ್ ಕುಡಿಯುತ್ತಾಳೆಯೇ? ಕುಡಿಯುತ್ತಾಳೆ. ಋತುವಿಗೆ ಒಂದು ಸಲ, ಒಂದು ಲೋಟ. ಪೇಪರ್ ಮಡಚುವವರು ಇಲ್ಲೇ ಮಡಚಬಹುದು. ಉಳಿದವರು ಕುಂದ್ರಿ.

ನಮ್ಮವರು ಲೋಟವನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು.

"ಚಿಂಚೋಳಿ," ಅಂದರು.

"ಹೋದ ವರ್ಷನೂ ಚಿಂಚೋಳಿನೇ ಅಂದಿದ್ರಿ."

"ಹೋದ ವರ್ಷನೂ ಮಾವಿನಹಣ್ಣೇ ಇತ್ತಲ್ಲ. ಊರು ಹ್ಯಾಂಗ ಬದಲಾಗ್ತದ?"

"ಚಿಂಚೋಳಿಯೊಳಗ ಎಲ್ಲಿ?"

"ಚಂದಾಪುರದಾಗ. ಸಂತಿ ಮುಗಿದ ಮ್ಯಾಲ ಹಣ್ಣಿನ ಬುಟ್ಟಿ ಖಾಲಿ ಆಗಿರ್ತಾವ, ತಳದಾಗ ಹುಲ್ಲು ಉಳಿದಿರ್ತದ ನೋಡು. ಆ ಹುಲ್ಲಿನ ವಾಸನಿ."

ಮೂಸಿದೆ. ಹುಲ್ಲಿನ ವಾಸನೆ ಇತ್ತು. ಅವರು ಹೇಳುವವರೆಗೆ ಇರಲಿಲ್ಲ.

"ಬಿಯರ್ ಮಾಡಾಂವ ಚಳಿಗಾಲಕ್ಕ ಒಂದು ಹೊಸಾದು ಮಾಡ್ತಾನಂತ," ಅಂದರು. "ನಮ್ಮ ಬಿಳಿಜೋಳ ಹಾಕಿ."

"ಅದಕ್ಕ ಯಾವ ಊರು?"

"ಕುಡೀಲಾರ್ದ ಹ್ಯಾಂಗ ಹೇಳ್ಲಿ? ಕುಡಿದು ಹೇಳ್ತೀನಿ."

ಮರುದಿನ ಸೋಮವಾರ. ಅವರು ಕೆಲಸಕ್ಕೆ ವಾಡಿಗೆ ಹೋದರು. ಮಧ್ಯಾಹ್ನ ಫೋನ್ ಬಂತು. ನಾನು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎದೆ ನೋವು ಅಂದರು.

ಆ ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಈ ಅಂಕಣ ಕೆಲವು ತಿಂಗಳು ಬರಲಿಲ್ಲ. ಯಾಕೆ ನಿಲ್ಲಿಸಿದಿರಿ ಅಂತ ಬಸ್ಸಿನಲ್ಲಿ, ಸಂತೆಯಲ್ಲಿ ಕೇಳಿದಿರಿ. ಇದೇ ಕಾರಣ.

ನಮ್ಮವರ ಕೆಲಸ ತೂಕದ ಯಂತ್ರಗಳ ರಿಪೇರಿ. ಕಿರಾಣಿ ಅಂಗಡಿಯ ಸಣ್ಣ ತಕ್ಕಡಿಯಿಂದ ಹಿಡಿದು ಅಡತ್ ಅಂಗಡಿಯಲ್ಲಿ ಮೂಟೆ ತೂಗುವ ದೊಡ್ಡ ಕಾಂಟಾದವರೆಗೆ. ವಾರಕ್ಕೆ ಒಂದು ಸುತ್ತು: ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಕೊನೆಗೆ ನಮ್ಮ ಸೇಡಂ. ಬೈಕಿನ ಹಿಂದೆ ತೂಕದ ಕಲ್ಲುಗಳ ಪೆಟ್ಟಿಗೆ. ಹೀಗೆ ಊರೂರು ತಿರುಗುವವರಿಗೆ ಮೂಗು ಚುರುಕಾಗುತ್ತದೋ ಏನೋ. ಮನೆಗೆ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ ಇವತ್ತು ಎಲ್ಲಿಗೆ ಹೋಗಿದ್ದರು ಅಂತ ನನಗೂ ಗೊತ್ತಾಗುತ್ತಿತ್ತು.

ಬಿಯರ್ ನಮ್ಮ ಮನೆಗೆ ಬಂದದ್ದೂ ತಕ್ಕಡಿಯ ದಾರಿಯಿಂದಲೇ. ಕಲಬುರಗಿಯಲ್ಲಿ ಒಂದು ಜಾಗವಿದೆ. ಅಲ್ಲೇ ಕಾಳು ಕುದಿಸಿ, ಹುಳಿ ಬರಿಸಿ, ಅಲ್ಲೇ ಬಿಯರ್ ಮಾಡಿ ಕೊಡುತ್ತಾರೆ. ಅವರ ಕಾಳು ತೂಗುವ ಯಂತ್ರ ಕೆಟ್ಟಿತ್ತು, ಇವರು ಹೋಗಿ ಸರಿ ಮಾಡಿದರು. ಮಾಡುವಾತ ಖುಷಿಯಾಗಿ, ರುಚಿ ನೋಡ್ರಿ ಅಂತ ಒಂದು ಬಾಟಲಿ ತುಂಬಿಸಿ ಕೊಟ್ಟ. ಇವರು ಅದನ್ನು ಒಬ್ಬರೇ ಕುಡಿಯಲಿಲ್ಲ. ಮನೆಗೆ ತಂದರು.

"ಏನ್ರಿ ಇದು?" ಅಂದೆ.

"ಏನೋ ಇಂಗ್ಲಿಷ್ ಹೆಸರು ಹೇಳ್ದ. ಮರ್ತೆ."

ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಆಮೇಲೆ, "ಚಿತ್ತಾಪುರ ಬಸ್ ಸ್ಟ್ಯಾಂಡು. ಬಾಳೆಹಣ್ಣಿನ ಗಾಡಿ," ಅಂದರು. ನಾನು ನಕ್ಕೆ. ಕುಡಿದು ನೋಡಿದರೆ ಹೌದು. ಗೋಧಿಯ ಬಿಯರ್ ಅದು, ಆದರೆ ಬಾಳೆಹಣ್ಣಿನ ವಾಸನೆ ಸ್ಪಷ್ಟ. ಅಲ್ಲಿಂದ ಶುರುವಾಯಿತು. ಇಂಗ್ಲಿಷ್ ಹೆಸರುಗಳು ನಮ್ಮಿಬ್ಬರ ನಾಲಿಗೆಗೂ ಹತ್ತಲಿಲ್ಲ. ಊರಿನ ಹೆಸರುಗಳು ಹತ್ತಿದವು.

ಚಳಿಗಾಲದ ಕಪ್ಪು ಬಿಯರ್ ವಾಡಿ. (ಸ್ಟೇಷನ್ನಿನ ಬೆಳಗಿನ ಚಹಾ, ಸ್ವಲ್ಪ ಹೊಗೆ.) ಉಗಾದಿ ಹೊತ್ತಿಗೆ ತೆಳ್ಳಗಿನ ಒಂದು ಬರುತ್ತಿತ್ತು, ತುದಿಗೆ ಕಹಿ. ಅದು ಶಹಾಬಾದ್. ಶಹಾಬಾದಿನಲ್ಲಿಯೂ ಭಂಕೂರದ ಕಡೆಗೆ, ಕಲ್ಲು ಕೊಯ್ಯುವಾಗ ಮೇಲೆ ನೀರು ಬಿಡುತ್ತಾರಲ್ಲ, ಆ ಒದ್ದೆ ಕಲ್ಲು. ಇವರು ಇದನ್ನೆಲ್ಲ ಆ ಮಾಡುವಾತನಿಗೂ ಹೋಗಿ ಹೇಳಿ ಬಂದಿದ್ದರು. ಆತ ಕನ್ನಡಕ ಹಾಕಿದ, ಮೇಷ್ಟರಂತೆ ಕಾಣುವ ಮನುಷ್ಯ. ಆಮೇಲೆ ಆತನೂ ಹೊಸ ಋತುವಿನ ಬಿಯರ್ ಕೊಡುವಾಗ "ಊರು ಹೇಳ್ರಿ" ಅನ್ನತೊಡಗಿದನಂತೆ.

ಸೇಡಂ ಮಾತ್ರ ಯಾವುದಕ್ಕೂ ಸಿಗಲಿಲ್ಲ. ಯಾಕೆ ಅಂತ ಕೇಳಿದ್ದೆ.

"ಸ್ವಂತ ಮನಿ ವಾಸನಿ ಮೂಗಿಗೆ ಹತ್ತಂಗಿಲ್ಲ," ಅಂದಿದ್ದರು.

ನಾವು ಋತು ಗೊತ್ತಿಲ್ಲದ ಜನವೇ? ಎಳೆ ತೆನೆ ಸುಟ್ಟು ಸೀತನಿ ತಿನ್ನುವುದು ಯಾವಾಗ ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಎಳ್ಳ ಅಮಾವಾಸ್ಯೆಗೆ ಕಾಳು ಸೊಪ್ಪು ಬೇಯಿಸಿ ಮಾಡುವ ಬಜ್ಜಿಯನ್ನು ಉಗಾದಿಗೆ ಮಾಡಿದರೆ ಯಾರೂ ಮುಟ್ಟುವುದಿಲ್ಲ. ಉಗಾದಿಯ ಬೇವನ್ನು ನಾವು ತಿನ್ನುವುದಿಲ್ಲ, ಹುಣಸೆ, ಬೆಲ್ಲ, ಪುಟಾಣಿ, ಮಾವಿನಕಾಯಿ ಕಲಸಿ ಲೋಟಗಟ್ಟಲೆ ಕುಡಿಯುತ್ತೇವೆ. ಆ ಒಂದು ದಿನ ಮಾತ್ರ. ಮರುದಿನ ಕೊಟ್ಟರೆ "ಇನ್ನೂ ಅದನಾ?" ಅನ್ನುತ್ತೇವೆ.

ಬಿಯರ್ ಮಾತ್ರ ಹನ್ನೆರಡು ತಿಂಗಳೂ ಒಂದೇ. ಸ್ಟ್ರಾಂಗ್ ಇರಬೇಕು, ತಂಪಿರಬೇಕು, ಜಲ್ದಿ ಏರಬೇಕು. ಅದನ್ನು ಕುಡಿಯುವವರು ಗೋಡೆಯ ಕಡೆ ಮುಖ ಮಾಡಿ, ಔಷಧ ನುಂಗಿದಂತೆ ನುಂಗಿ, ಬಾಯಿ ಒರೆಸಿಕೊಂಡು ಹೋಗುತ್ತಾರೆ. ರುಚಿ ಹೇಗಿತ್ತು ಅಂತ ಕೇಳಿ ನೋಡಿ. "ಕಡಕ್" ಅನ್ನುತ್ತಾರೆ. ಅದು ರುಚಿಯೇ?

(ಕುಡಿತ ಹಾಳು ಮಾಡಿದ ಮನೆಗಳು ನಮ್ಮ ಓಣಿಯಲ್ಲೂ ಇವೆ. ಆ ಮನೆಯ ಹೆಂಗಸರ ಮುಂದೆ ನಾನು ಈ ಮಾತು ಆಡಲಾರೆ. ಅವರ ಪಾಲಿಗೆ ಬಾಟಲಿ ಬಾಟಲಿಯೇ. ಎಲ್ಲರೂ ಕುಡಿಯಿರಿ ಅಂತ ನಾನು ಹೇಳುತ್ತಿಲ್ಲ. ಒಂದು ಲೋಟಕ್ಕಾಗಿ ಮೂರು ತಿಂಗಳು ಕಾಯುವ ಒಂದು ಮನೆಯೂ ಇತ್ತು ಅಂತ ಹೇಳುತ್ತಿದ್ದೇನೆ, ಅಷ್ಟೆ.)

ಕಾಯುವುದರಲ್ಲೇ ಅದರ ಸುಖವಿತ್ತು. ಬೇರೆ ಗಂಡ ಹೆಂಡತಿ ಹೊಸ ಸಿನಿಮಾಕ್ಕೆ ಕಾಯುತ್ತಾರೆ, ನಾವು ಹೊಸ ಬಿಯರಿಗೆ ಕಾಯುತ್ತಿದ್ದೆವು.

ಮಳೆಗಾಲ ಬಂತು. ಅವರು ಹೋದ ಮೇಲಿನ ಮೊದಲ ಮಳೆಗಾಲ. ಒಂದು ಕೆಲಸಕ್ಕೆ ಕಲಬುರಗಿಗೆ ಹೋಗಿದ್ದೆ. ಕೆಲಸ ಬೇಗ ಮುಗಿಯಿತು. ಕಾಲುಗಳು ತಾವೇ ಬಿಯರ್ ಮಾಡುವ ಆ ಜಾಗದ ಕಡೆ ನಡೆದವು. ಚಿತ್ತಾಪುರ ಬಸ್ ಸ್ಟ್ಯಾಂಡ್ ಬಂದಿರುತ್ತದೆ ಈಗ ಅಂತ ಲೆಕ್ಕ ಹಾಕಿಕೊಂಡೆ. ಗೋಧಿಯದ್ದು ಬರುವುದು ಶ್ರಾವಣಕ್ಕೇ.

ಬಾಗಿಲ ಮುಂದೆ ನಿಂತೆ. ವಾಚ್‌ಮನ್ ಎದ್ದು ಬಂದ. ಪಾಪ, ಮರ್ಯಾದೆಯಿಂದಲೇ ಕೇಳಿದ.

"ಯಾರು ಬೇಕಾಗಿತ್ರಿ ಅವ್ವಾರ?"

"ಯಾರೂ ಇಲ್ರಿ," ಅಂದೆ.

ಛತ್ರಿ ಬಿಚ್ಚಿ ಬಸ್ ಸ್ಟ್ಯಾಂಡಿಗೆ ನಡೆದೆ.

ಏನಾಗಿತ್ತು ನನಗೆ? ಹೆದರಿಕೆಯೇ? ನಾಚಿಕೆಯೇ? ಒಳಗೆ ಹೋಗಿ ಒಂದು ಬಾಟಲಿ ಕೊಡಿ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಬಸ್ಸಿನಲ್ಲಿ ಕೂತು ಯೋಚಿಸಿದೆ. ಹೆದರಿಕೆ ಸ್ವಲ್ಪ ಇತ್ತು. ಅದಕ್ಕಿಂತ ಹೆಚ್ಚಾಗಿ, ತಂದು ಏನು ಮಾಡುವುದು ಅನ್ನುವುದು ತಿಳಿಯಲಿಲ್ಲ. ನಾನು ಮೂಸಿದರೆ ಬಿಯರ್ ವಾಸನೆ ಬರುತ್ತದೆ. ಊರು ಬರುವುದಿಲ್ಲ. ಗೋಧಿಯದ್ದು ಚಿತ್ತಾಪುರ ಅಂತ ಗೊತ್ತಿದೆ, ಸರಿ. ಚಳಿಗಾಲದ ಹೊಸದಕ್ಕೆ? ಒಂದು ಋತು ಇರುತ್ತದೆ ಅದು, ಶಿವರಾತ್ರಿಗೆ ಮುಗಿಯುತ್ತದೆ. ಕುಡಿದು ಹೇಳ್ತೀನಿ ಅಂದವರಿಲ್ಲದೆ ಅದನ್ನು ಕುಡಿಯುವುದೋ, ಹಾಗೇ ಬಿಟ್ಟುಬಿಡುವುದೋ? ಬಿಟ್ಟರೆ ಆಮೇಲಿನ ಎಲ್ಲ ಋತುಗಳನ್ನೂ ಬಿಟ್ಟ ಹಾಗೆ ಅನ್ನಿಸಿತು.

ದಸರೆ ಹೋಯಿತು, ದೀಪಾವಳಿ ಹೋಯಿತು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬದಡಿಗೆ ಮಾಡುವುದಿಲ್ಲ. ಆದರೆ ಹಬ್ಬದ ದಿನ ಆ ಮನೆ ಉಪವಾಸವೂ ಇರಬಾರದು. ಬಂಧುಗಳು ತಂದು ಉಣಿಸಬೇಕು. ದಸರೆಗೆ ನನ್ನ ತಮ್ಮನ ಮನೆಯಿಂದ ಹೋಳಿಗೆ ಬಂತು, ದೀಪಾವಳಿಗೆ ನೆಗೆಣ್ಣಿ ಕರ್ಚಿಕಾಯಿ ತಂದಳು. ಎಳ್ಳ ಅಮಾವಾಸ್ಯೆಗೆ ಅತ್ತೆಯ ತಮ್ಮ, ಚಿಮ್ಮನಚೋಡದ ಗುರಪ್ಪ ಮಾಮಾ ಬರುವುದು ಅಂತ ಆಗಿತ್ತು.

ಒಂದು ಬೆಳಗ್ಗೆ ಅತ್ತೆ ಲಿಂಗಪೂಜೆ ಮುಗಿಸಿ ಅಡುಗೆ ಮನೆಗೆ ಬಂದರು. ನಾನು ಪಾತ್ರೆ ಒರೆಸಿ ಇಡುತ್ತಿದ್ದೆ.

"ಈ ಎರಡು ಲೋಟ ಈಗ ಮಾಳಿಗಿಗೆ ಹೋಗಂಗಿಲ್ಲೇನು?" ಅಂದರು.

"ಯಾವ ಲೋಟ ಅತ್ತಿ?"

"ನೀವು ತೀರ್ಥ ತಗೋಳೋ ಲೋಟ."

ಕೈಯಲ್ಲಿದ್ದ ಲೋಟ ಜಾರಿ ಫರ್ಸಿಯ ಮೇಲೆ ಉರುಳಿತು. ಅತ್ತೆ ಬಗ್ಗಿ ಎತ್ತಿ ಕೊಟ್ಟರು.

"ನಿಮಗ ಗೊತ್ತಿತ್ತೇನ್ರಿ?"

"ನಾ ಜೋಳದ ಅಂಬಲಿ ಕಾಸೋ ಮನ್ಯಾಗ ಹುಟ್ಟಿದಾಕಿ. ಹುಳಿ ಬಂದ ಕಾಳಿನ ವಾಸನಿ ನನಗ ತಿಳೀಲಿಲ್ಲ ಅಂದ್ರ ಯಾರಿಗೆ ತಿಳೀತದ? ಟವೆಲ್ ಸುತ್ತಿದ್ರ ವಾಸನಿ ನಿಲ್ತದೇನು? ಆ ಟವೆಲ್ ಒಗಿಯಾಕಿ ಯಾರು, ನಾನೇ."

"ಮತ್ತ ಯಾಕ್ರಿ ಏನೂ ಅನ್ಲಿಲ್ಲ?"

"ಏನಂತ ಅನ್ಲಿ? ನಮ್ಮ ಶಿವು ಮ್ಯಾಲ ಕುಂತು ನಗ್ತಿದ್ದ. ಕೆಳಗ ನನ್ನ ಮಂದ ಕಿವಿಗೂ ಕೇಳಸ್ತಿತ್ತು."

ಲೋಟ ಒರೆಸಿ ಕೆಳಗಿಟ್ಟೆ. ಆಮೇಲೆ ನಾನು ಎಲ್ಲ ಹೇಳಿದೆ. ಊರಿನ ಹೆಸರುಗಳು, ಜೋಳದ ಬಿಯರ್, ಮಳೆಗಾಲದಲ್ಲಿ ಬಾಗಿಲ ತನಕ ಹೋಗಿ ತಿರುಗಿ ಬಂದದ್ದು. ಬೈಯುತ್ತಾರೆ ಅಂದುಕೊಂಡೆ. ಬೈದರು ಕೂಡ. ಆದರೆ ಬೇರೆಯದಕ್ಕೆ.

"ಹುಚ್ಚಿ ಅದೀ ಏನವ್ವ ನೀಲವ್ವ? ವರ್ಷದೊಳಗ ನೀನೇ ಹೋಗಿ ತಂದುಕೊಂಡ್ರ ಹ್ಯಾಂಗ ನಡೀತದ? ಬ್ಯಾರೇವ್ರು ತಂದು ಕೊಡಬೇಕು."

"ಅತ್ತಿ, ಅದು ಹಬ್ಬ ಅಲ್ರಿ. ಬಿಯರ್."

"ನಿಮಗ ಹಬ್ಬ ಇತ್ತಲ್ಲ?"

ಅತ್ತೆ ಫೋನ್ ಕೈಗೆ ತೆಗೆದುಕೊಂಡರು. ಅವರಿಗೆ ಕಿವಿ ಮಂದ, ಯಾವಾಗಲೂ ಸ್ಪೀಕರ್. ಗುರಪ್ಪ ಮಾಮಾ ಯಾರು ಅಂತ ನಿಮಗೆ ಹೇಳಿಬಿಡಬೇಕು. ಅವರದು ಚಿಮ್ಮನಚೋಡದಲ್ಲಿ ಹೊಲ. ಸೋಮವಾರ ಸೋಮವಾರ ಭಜನೆ. ಚಹಾ ಕೂಡ ಒಂದು ಚಟ ಅನ್ನುವವರು.

"ಗುರಪ್ಪಾ, ಎಳ್ಳ ಅಮಾಸಿಗೆ ಬರೋ ಮುಂದ ಕಲಬುರಗಿಗೆ ಹೋಗಿ ಬಿಯರ್ ತಗೊಂಡ್ ಬಾ."

"ಅಕ್ಕಾ, ಆರಾಮ ಅದೀ ಇಲ್ಲ?"

"ಆರಾಮ ಅದೀನಿ. ಜೋಳದ್ದು ಬೇಕು. ಬ್ಯಾರೇದು ಕೊಟ್ರ ತರಬ್ಯಾಡ."

"ಅಕ್ಕಾ, ನೀಲವ್ವನ ಕೈಯಾಗ ಫೋನ್ ಕೊಡು."

"ಅಕಿಗೇ ಬೇಕಾಗ್ಯದ. ನಮ್ಮ ಶಿವುಂದು ಒಂದು ಹಬ್ಬ ಉಳದದ. ತರ್ತೀಯೋ ಇಲ್ಲೋ?"

ಮಾಮಾ ಸಣ್ಣ ದನಿಯಲ್ಲಿ ಕೇಳಿದರು, "ಎಷ್ಟು ಸೇರು ತರಬೇಕು?"

ಎಳ್ಳ ಅಮಾವಾಸ್ಯೆಯ ದಿನ ಸೇಡಂ ಅರ್ಧಕ್ಕರ್ಧ ಖಾಲಿ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಗಳಿಗೆ ಹೋಗಿರುತ್ತಾರೆ. ಬೆಳಗ್ಗೆ ಬಸ್ಸಿಳಿದು ಮಾಮಾ ಬಂದರು. ಹೆಗಲಿಗೆ ಬುತ್ತಿಯ ಗಂಟು: ಬಜ್ಜಿ, ಸಜ್ಜೆ ರೊಟ್ಟಿ, ಕಡುಬು. ಎರಡೂ ಕೈಯಲ್ಲಿ ಹಗ್ಗ ಕಟ್ಟಿದ ಒಂದೊಂದು ಮಣ್ಣಿನ ಗಡಿಗೆ. ಎರಡರ ಬಾಯಿಗೂ ಬಿಳಿ ಬಟ್ಟೆ.

"ಬಲಗೈಯಾಗಿಂದು ಅಂಬಲಿ, ಎಡಗೈಯಾಗಿಂದು ಅದು," ಅಂದರು. ಹೆಸರು ಹೇಳಲಿಲ್ಲ.

ನಾನು ಎಡಗಡೆಯ ಗಡಿಗೆಯನ್ನೇ ನೋಡಿದೆ. "ಮಾಮಾ, ಅವರು ಬಾಟಲಿಯೊಳಗ ಕೊಡ್ತಾರಲ್ರಿ?"

"ಕೊಟ್ಟಿದ್ರು. ಬಿರಡಿ ಹಾಕಿ, ತಂತಿ ಬಿಗಿದು. ಹುಚ್ಚರ ಮಂದಿ. ಮನಿಗೆ ತಂದು ತಂತಿ ಬಿಚ್ಚಿದೆ ನೋಡು, ಭುಸ್ಸ್ ಅಂತು! ನಿಮ್ಮ ಮಾಮಿ ಹೌಹಾರಿ ಹೊರಗ ಓಡಿದಳು. ಹುಳಿ ಬಂದದ್ದಕ್ಕ ಹಂಗ ಬಾಯಿ ಬಿಗೀತಾರೇನು? ಉಸಿರಾಡಬ್ಯಾಡೇನು ಅದು? ಗಡಿಗಿಗೆ ಹಾಕಿ, ಬಟ್ಟಿ ಕಟ್ಟಿ, ಅಂಬಲಿ ಬಾಜೂಕ ಇಟ್ಟೆ. ರಾತ್ರಿ ಎಲ್ಲಾ ತಣ್ಣಗ ಕುಂತಿತ್ತು."

ಬಟ್ಟೆ ಬಿಚ್ಚಿದೆ. ಬೆಳ್ಳಗೆ ಮಸಕು ಮಸಕಾದ ಬಿಯರ್. ಕೆರೆಯ ನೀರಿನ ಹಾಗೆ ನಿಶ್ಚಲ.

"ಬುರುಗು ಎಲ್ಲಿ ಮಾಮಾ? ಮ್ಯಾಲ ಬೆಳ್ಳಗ ಬುರುಗು ಇರ್ಬೇಕಲ್ರಿ?"

ಮಾಮಾನ ಮುಖ ಅರಳಿತು. "ಭಾಳ ಬಂದಿತ್ತವ್ವ. ಬೆಲ್ಲ ಕಾಸುವಾಗ ಹೊಲಸು ಮ್ಯಾಲ ಬರ್ತದಲ್ಲ, ಹಂಗ. ಎಲ್ಲಾ ಸೌಟಿಲೆ ತೆಗೆದು ಚೆಲ್ಲೀನಿ. ಈಗ ಸ್ವಚ್ಛ ಅದ ನೋಡು."

ನಮ್ಮವರು ಹೋದ ಮೇಲೆ ನಾನು ಮೊದಲ ಸಲ ನಕ್ಕದ್ದು ಆಗಲೇ. ನಗು ನಿಲ್ಲಲಿಲ್ಲ. ಮಾಮಾ ಗಾಬರಿಯಾದರು. ಅತ್ತೆ "ಏನಾಯ್ತವ್ವ, ಏನಾಯ್ತು?" ಅನ್ನುತ್ತ ಬಂದರು. ನಾನು ಹೇಳಿದೆ: ಆ ಮನುಷ್ಯ ವಾರಗಟ್ಟಲೆ ಕಷ್ಟಪಟ್ಟು ಬರಿಸಿದ್ದ ನೊರೆಯನ್ನು ನಿಮ್ಮ ತಮ್ಮ ಸೌಟಿನಿಂದ ಬಳಿದು ಹಿತ್ತಲಿಗೆ ಚೆಲ್ಲಿದ್ದಾರೆ. ಅತ್ತೆಗೆ ಅರ್ಥವಾಗಲಿಲ್ಲ. ಆದರೂ ನಕ್ಕರು.

"ಬಸ್ಸಿನ್ಯಾಗ ಏನಾಯ್ತು ಕೇಳು," ಅಂತ ಮಾಮಾ ಬೇಸರದಿಂದ ಮಾತು ಬದಲಿಸಿದರು. ಪಕ್ಕದ ಸೀಟಿನ ಹೆಣ್ಣುಮಗಳು ಗಡಿಗೆ ನೋಡಿ, ಕಾಕಾ, ಥೋಡೆ ಅಂಬಲಿ ಕೊಡ್ರಿ, ಕೂಸಿಗೆ ಬಾಯಾರ್ಯದ ಅಂದಳಂತೆ. ಇವರಿಗೆ ಆ ಕ್ಷಣದಲ್ಲಿ ಬಲ ಯಾವುದು ಎಡ ಯಾವುದು ಮರೆತುಹೋಯಿತಂತೆ. "ಇಲ್ಲವ್ವ, ಇದು ದೇವರಿಗೆ ಹೊಂಟದ ಅಂದೆ. ಮತ್ತೇನ್ ಹೇಳ್ಲಿ? ಕೂಸಿಗೆ ನೀರಿನ ಬಾಟ್ಲಿ ಕೊಟ್ಟೆ."

ಬಿಸಿಲು ಹಿತವಾಗಿತ್ತು. ಮಾಳಿಗೆಗೆ ಹೋದೆವು. ಅತ್ತೆ ಮೊಣಕಾಲು ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಬೇಸಿಗೆಯ ಆ ಭಾನುವಾರದ ಮೇಲೆ ನಾನೂ ಅಲ್ಲಿ ಚಾಪೆ ಹಾಸಿರಲಿಲ್ಲ. ಮಾಮಾ ಅತ್ತೆಗೂ ತಮಗೂ ಅಂಬಲಿ ಬಗ್ಗಿಸಿದರು, ನನ್ನ ಲೋಟಕ್ಕೆ ಇನ್ನೊಂದು ಗಡಿಗೆಯಿಂದ. ಮೂರೂ ಬೆಳ್ಳಗೆ. ದೂರದಿಂದ ನೋಡಿದವರಿಗೆ ಯಾರ ಲೋಟದಲ್ಲಿ ಏನಿದೆ ಅಂತ ಹೇಳುವ ಹಾಗಿರಲಿಲ್ಲ.

ಲೋಟ ಎತ್ತುವ ಮೊದಲು ಮಾಮಾ ಹೇಳಿದರು, "ನೀಲವ್ವ, ಒಂದು ಮಾತು ಅದ. ಅಲ್ಲಿ ಕನ್ನಡಕದಾಂವ ನನ್ನ ಧೋತ್ರ ನೋಡಿ, ಯಾರ ಕಡೆಯವ್ರು ನೀವು ಅಂದ. ತೂಕದ ಮಷೀನಿನ ಶಿವು ನನ್ನ ಅಕ್ಕನ ಮಗ ಅಂದೆ. ಅಂವ ಎದ್ದೇ ನಿಂತ. ಅಷ್ಟು ಖುಷಿ ಆಯ್ತು ಅವನಿಗೆ. ಆರಾಮ ಅದಾರೇನ್ರಿ, ಭಾಳ ದಿನ ಆಯ್ತು ಈ ಕಡೆ ಬಂದೇ ಇಲ್ಲ ಅಂದ."

"ನೀವ್ ಏನಂದ್ರಿ?"

ಮಾಮಾ ಲೋಟದೊಳಗೆ ನೋಡಿದರು. "ನನಗ ಬಾಯಿ ಬರಲಿಲ್ಲವ್ವ. ಆರಾಮ ಅದಾನ ಅಂದೆ."

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಮತ್ತ ಅಂವ ಅಂದ, ಈ ಜೋಳದ್ದಕ್ಕ ಯಾವ ಊರಂತ ಕೇಳಿ ಹೇಳ್ರಿ. ಉಳಿದವಕ್ಕೆಲ್ಲಾ ಅವ್ರೇ ಹೇಳ್ಯಾರ, ಇದಕ್ಕ ಅವ್ರ ದಾರಿನೇ ಕಾಯಾಕತ್ತೀನಿ ಅಂದ. ಕೇಳಿ ಹೇಳ್ತೀನಿ ಅಂದು ಬಂದೆ."

ಕುಡಿದೆ.

ಗುಳ್ಳೆ ಇರಲಿಲ್ಲ, ತಂಪು ಇರಲಿಲ್ಲ. ಬಿಯರ್ ಬಲ್ಲವರು ಇದನ್ನು ಚೆಲ್ಲುತ್ತಾರೆ. ಆದರೆ ಮೊದಲು ಸಣ್ಣ ಹುಳಿ, ಆಮೇಲೆ ಹಂಚಿನ ಮೇಲೆ ರೊಟ್ಟಿ ಉಬ್ಬುವಾಗ ಬರುತ್ತದಲ್ಲ, ಆ ಬಿಸಿ ಹಿಟ್ಟಿನ ವಾಸನೆ, ಕೊನೆಗೆ ಎಲ್ಲೋ ಒಂದು ಸಿಹಿ. ಒಂದು ರಾತ್ರಿ ಗಡಿಗೆಯಲ್ಲಿ ಕೂತರೂ ಅದು ಹೋಗಿರಲಿಲ್ಲ. ಚೆನ್ನಾಗಿತ್ತು. ನಿಜವಾಗಿ ಚೆನ್ನಾಗಿತ್ತು. ನಾಲಿಗೆಗೆ ಏನಾದರೂ ರುಚಿಸಿ ಎಷ್ಟು ತಿಂಗಳಾಗಿತ್ತು! ದುಃಖದಲ್ಲಿ ರುಚಿ ಸಾಯುತ್ತದೆ ಅನ್ನುತ್ತಾರೆ. ಸಾಯುವುದಿಲ್ಲ. ಯಾರಾದರೂ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು ಕೊಡುವವರೆಗೆ ಮೂಲೆಯಲ್ಲಿ ಕೂತಿರುತ್ತದೆ.

"ಯಾವ ಊರವ್ವ?" ಅಂದರು ಅತ್ತೆ.

"ಗೊತ್ತಾಗವಲ್ದು ಅತ್ತಿ."

"ಕೊಡಿಲ್ಲಿ." ಲೋಟ ತೆಗೆದುಕೊಂಡು, ವಿಭೂತಿಯ ಹಣೆಯನ್ನು ಸ್ವಲ್ಪ ಹಿಂದೆ ಸರಿಸಿ, ಮೂಸಿದರು. ಮಗ ಮೂಸುತ್ತಿದ್ದಂತೆಯೇ ಕಣ್ಣು ಮುಚ್ಚಿ. ಆ ಅಭ್ಯಾಸ ನಮ್ಮವರಿಗೆ ಎಲ್ಲಿಂದ ಬಂದಿತ್ತು ಅಂತ ನನಗೆ ಆಗ ತಿಳಿಯಿತು.

"ಚಿಮ್ಮನಚೋಡ," ಅಂದರು. "ನಮ್ಮ ಅವ್ವನ ಅಡಗಿ ಮನಿ."

"ಮತ್ತ!" ಅಂತ ಮಾಮಾ ಎದೆ ಸೆಟೆದರು. "ಚಿಮ್ಮನಚೋಡನೇ. ನನಗೂ ಹಂಗೇ ಅನಸಿತ್ತು."

ಅತ್ತೆ ಇನ್ನೊಮ್ಮೆ ಮೂಸಿದರು. ತಮ್ಮನನ್ನು ನೋಡಿದರು. "ಥೂ, ನಿನ್ನ ಗಡಿಗಿ ವಾಸನಿ ಅದು! ಅವ್ವ ಅಂಬಲಿ ಹಾಕ್ತಿದ್ದ ಗಡಿಗೀನೇ ತಂದೀಯಲ್ಲೋ?"

"ಮನ್ಯಾಗ ಇದ್ದದ್ದೇ ಅದು. ಬ್ಯಾರೇದು ಎಲ್ಲಿಂದ ತರ್ಲಿ?"

"ಹಂಗಾರ ಇದು ಜೋಳದ್ದಲ್ಲ, ಗಡಿಗಿದು. ಲೆಕ್ಕಕ್ಕಿಲ್ಲ."

ಅಕ್ಕ ತಮ್ಮ ಅರ್ಧ ಗಂಟೆ ಜಗಳಾಡಿದರು. ಆ ವಯಸ್ಸಿನವರು ಅಷ್ಟು ಖುಷಿಯಿಂದ ಜಗಳಾಡಿದ್ದನ್ನು ನಾನು ಕಂಡಿಲ್ಲ. ನಾನು ನಡುವೆ ಕೂತು ಬಜ್ಜಿ ರೊಟ್ಟಿ ತಿಂದೆ. ಲೋಟ ಖಾಲಿ ಮಾಡಿದೆ.

ಬೇಸಿಗೆಗೆ ವರ್ಷ ತುಂಬುತ್ತದೆ. ಮಾವಿನ ಬಿಯರ್ ಬರುತ್ತದೆ. ಅದನ್ನು ತರಲು ನಾನೇ ಹೋಗುತ್ತೇನೆ. ವಾಚ್‌ಮನ್ ಕೇಳಿದರೆ, ಬಿಯರ್ ಬೇಕಾಗಿತ್ರಿ ಅನ್ನುತ್ತೇನೆ. ಅತ್ತೆಯೂ ಜೊತೆಗೆ ಬರುತ್ತಾರಂತೆ. "ನಾ ಹೊರಗ ಕಟ್ಟಿ ಮ್ಯಾಲ ಕುಂತು ಜಪ ಮಾಡ್ತೀನಿ, ನೀ ಒಳಗ ಹೋಗಿ ತಗೊಂಡ್ ಬಾ," ಅಂದಿದ್ದಾರೆ. ಗುರಪ್ಪ ಮಾಮಾ ಬರುವುದು ಬೇಡ ಅಂತ ಇಬ್ಬರೂ ಸೇರಿ ತೀರ್ಮಾನಿಸಿದ್ದೇವೆ. ಟವೆಲ್ಲು ಇನ್ನು ಬೇಕಾಗಿಲ್ಲ.

ಆ ಕನ್ನಡಕದ ಮನುಷ್ಯನಿಗೆ ನಿಜ ಹೇಳುವ ಕೆಲಸವೂ ನನ್ನದೇ. ಹೇಳುತ್ತೇನೆ. ಆತ ಊರು ಕೇಳುತ್ತಾನೆ. ಸೇಡಂ ಅನ್ನಲು ನನಗೆ ಆಸೆ. ರೊಟ್ಟಿಯ ವಾಸನೆ, ಮನೆಯ ವಾಸನೆ, ಇಷ್ಟು ವರ್ಷ ಯಾವುದಕ್ಕೂ ಸಿಗದ ಊರು, ಎಲ್ಲ ಹೊಂದುತ್ತದೆ. ಯಾರೂ ತಕರಾರು ಮಾಡುವುದಿಲ್ಲ. ಆದರೆ ಹೊಂದುವುದೇ ಬೇರೆ, ನಮ್ಮವರು ಕಣ್ಣು ಮುಚ್ಚಿ ಹೇಳುವುದೇ ಬೇರೆ. ಹಾಗಾಗಿ ಹೇಳುವುದಿಲ್ಲ.

ಜೋಳದ ಬಿಯರಿಗೆ ಇನ್ನೂ ಊರಿಲ್ಲ.